ದೊರೆಯ ಚಪ್ಪಲಿ

ಘಾನಾ ದೇಶದ ಒಂದು ಗುಡ್ಡದ ನೆತ್ತಿಯಲ್ಲಿ ಪುಟ್ಟ ಊರು. ಊರಿಗೆಲ್ಲ ಇರುವುದೊಂದೇ ಚಿಲುಮೆ. ಗುಡ್ಡದ ಬುಡದಲ್ಲಿರುವ ದೊಡ್ಡೂರಿನ ದೊರೆ ಅಗ್ಯೆಮನ್‌ಗೆ ಅದರ ಮೇಲೆ ಕಣ್ಣು ಬಿತ್ತು.

"ನಾಳೆ ಬರ್ತೀನಿ. ನಾನು ಕಾಲಿಟ್ಟ ನೀರು ನನ್ನದು!" ಎಂದು ಡಂಗುರ ಹೊಡೆಸಿದ.

ಗುಡ್ಡದವರೆಲ್ಲ ಚಿಲುಮೆಯ ಬಳಿ ಸೇರಿದರು. ಜಗಳಕ್ಕೆ ನಿಲ್ಲೋಣವೆಂದರೆ ಅವನ ಕಡೆಯೇ ಜನ ಜಾಸ್ತಿ. ತಾಳೆಎಣ್ಣೆ ಮಾರಲು ದಿನಾ ದೊಡ್ಡೂರಿಗೆ ಇಳಿಯುವ ಸೆರ್ವಾ ಮಾತ್ರ, "ಬರಲಿ ಬಿಡಿ, ನಾನು ನೋಡ್ಕೋತೀನಿ" ಅಂದಳು.

ಡೋಲು ಬಡಿಸಿಕೊಂಡು ಪಲ್ಲಕ್ಕಿ ಬಂತು. ದೊರೆ ಇಳಿದು, ಬಂಗಾರದ ಚಪ್ಪಲಿ ಚಟಪಟ ಬಡಿಯುತ್ತ ಚಿಲುಮೆಗೆ ನಡೆದ. ಸೆರ್ವಾ ಎದುರು ಮಂಡಿಯೂರಿದಳು.

"ಧಾರಾಳವಾಗಿ ಕಾಲಿಡಿ, ದೊರೆಯಜ್ಜ. ನಿಮ್ಮೂರವರೂ ನಡೆದುಕೊಳ್ಳುವ ದೇವಿಯ ನೀರಲ್ಲವೇ? ಚಪ್ಪಲಿ ಮಾತ್ರ ಇಲ್ಲೇ ಬಿಡಬೇಕು."

ಎತ್ತಿದ ಕಾಲು ಅಲ್ಲೇ ನಿಂತಿತು. ಚಪ್ಪಲಿ ಮೆಟ್ಟಿ ಇಳಿದರೆ ದೇವಿ ಸುಮ್ಮನಿರುವಳೇ? ಬಿಟ್ಟು ಇಳಿಯೋಣವೆಂದರೆ ದೊಡ್ಡೂರಿನ ಕಟ್ಟಳೆಯೇ ಬೇರೆ: ದೊರೆಯ ಬರಿಗಾಲು ನೆಲಕ್ಕೆ ತಾಗಿದರೆ ದೊರೆತನ ಅಲ್ಲಿಗೇ ಮುಗಿಯಿತು, ಪಟ್ಟ ಸೋದರಳಿಯನಿಗೆ.

ಅಷ್ಟರಲ್ಲಿ ಆ ಸೋದರಳಿಯನೇ ಹಿಂದಿನಿಂದ ಓಡಿಬಂದು ಅವನ ಕಾಲ ಬಳಿ ಕುಕ್ಕರಿಸಿದ.

"ಮಾವ, ನಾನು ಬಿಚ್ಚಲೇ?"

ಒಂದೇ ನೆಗೆತಕ್ಕೆ ದೊರೆ ಪಲ್ಲಕ್ಕಿಯೊಳಗಿದ್ದ. "ನಡೀರೋ! ಈ ನೀರು ಯಾರಿಗೆ ಬೇಕು? ಬರೀ ಚಪ್ಪೆ!"

ಗುಡ್ಡದವರು ಹಿಡಿದಿದ್ದ ಉಸಿರು ಬಿಟ್ಟು ನಕ್ಕರು. ಮುಖ ಸಪ್ಪಗಾದದ್ದು ಅಳಿಯನೊಬ್ಬನದೇ. ಸೆರ್ವಾ ಅವನಿಗೆ ಸೋರೆಬುರುಡೆ ತುಂಬ ನೀರು ಕೊಟ್ಟಳು.

"ಕುಡಿಯಪ್ಪ. ಬೇಜಾರು ಮಾಡ್ಕೋಬೇಡ, ಇನ್ನೊಂದು ಸಲ ಮಾವನ್ನ ಕರ್ಕೊಂಡು ಬಾ."