ನೀಲಿ ಬಾನಿಯ ಒಕ್ಕಲು

ಹೊಳೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ರೇವಕ್ಕ ಬಟ್ಟೆಗೆ ನೀಲಿ ಅದ್ದುವ ವಿದ್ಯೆ ಕಲಿಸುತ್ತಿದ್ದಳು.

ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಬಾನಿಯೇ ಅವಳ ಆಸ್ತಿ. ಅವಳ ಗುರು ಕೊಟ್ಟದ್ದು, ಆ ಗುರುವಿಗೆ ಅವನ ಗುರು ಕೊಟ್ಟದ್ದು. ತಳದ ಗಸಿಯನ್ನು ಯಾರೂ ಎಂದೂ ಖಾಲಿ ಮಾಡಿರಲಿಲ್ಲ. ವಾಸನೆಯೋ, ಕೇಳಬೇಡಿ.

ರೇವಕ್ಕ ಪಕ್ಕದೂರಿಗೆ ಹೋಗಿದ್ದಾಗ ಶಿಷ್ಯ ಕಲ್ಲಿನಾಥನಿಗೆ ಹುರುಪು ಬಂತು. ಗಸಿಯನ್ನೆಲ್ಲ ಬಳಿದು ತಿಪ್ಪೆಗೆ ಸುರಿದ. ಕುದಿಯುವ ನೀರು ಹಾಕಿ ಬಾನಿ ತಿಕ್ಕಿದ. ಹೊಸ ನೀರು, ಸುಣ್ಣ, ನೀಲಿ, ಬೇಯಿಸಿದ ತಗಚೆ ಬೀಜ ಎಲ್ಲವನ್ನೂ ಅಳತೆ ಪ್ರಕಾರ ತುಂಬಿದ.

ಗುರು ಬಂದಳು.

"ಅವ್ವಾ, ಬಾನಿ ಮಡಿ ಮಾಡೀನಿ!"

ರೇವಕ್ಕ ಒಂದು ಬಿಳಿ ಬಟ್ಟೆ ಕೊಟ್ಟಳು. "ಅದ್ದು."

ಅದ್ದಿದ, ಹಿಂಡಿದ, ಹೊಳೆಯಲ್ಲಿ ಜಾಲಿಸಿದ. ಬಣ್ಣವೆಲ್ಲ ನೀರುಪಾಲಾಯಿತು.

"ಅಳತಿ ತಪ್ಪಿತೇನವ್ವಾ?"

"ಅಳತಿ ಸರಿ ಐತಿ. ಕೆಲಸ ಮಾಡೋರು ಇಲ್ಲ."

"ನಾ ಇದೀನಲ್ಲ!"

"ನೀ ಬಟ್ಟಿ ಅದ್ದಾಂವ. ನೀಲಿ ಕರಗಸೋರು ಬ್ಯಾರೆ. ಕಣ್ಣಿಗೆ ಕಾಣದ ಜೀವ, ಲೆಕ್ಕ ಇಲ್ಲದಷ್ಟು. ಮುಂಜಾನೆ ಮೊಸರು ಉಂಡ್ಯಲ್ಲ, ಅದನ್ನ ಯಾರು ಮಾಡಿದ್ರು?"

"ನಾನ ಹೆಪ್ಪು ಹಾಕಿದ್ನಿ."

"ಹಾಕಿ ಮಲಕೊಂಡಿ. ದುಡಿದೋರು ಅವರು. ದೋಸಿ ಹಿಟ್ಟು ಉಬ್ಬಸೋರು, ಬಿದ್ದ ಎಲಿ ಮಣ್ಣು ಮಾಡೋರು ಅವರ. ನಿನ್ನ ಹೊಟ್ಟ್ಯಾಗೂ ಒಕ್ಕಲು ಅದಾರ."

ಕಲ್ಲಿನಾಥ ಹೊಟ್ಟೆ ಮುಟ್ಟಿ ನೋಡಿಕೊಂಡ. "ಎಲ್ಲಾರೂ ಒಳ್ಳೇವರ?"

"ಜ್ವರ ತರೋರೂ ಅದಾರ. ಅದಕ್ಕಂತ ಎಲ್ಲಾರನ್ನೂ ಕುದಿನೀರಿಗೆ ಹಾಕತಾರೇನು?"

ಶಿಷ್ಯನ ಮುಖ ಕಪ್ಪಿಟ್ಟಿತು. ಗುರುಗಳ ಗುರುಗಳು ಸಾಕಿದ್ದವರನ್ನು ತಾನು ಒಂದೇ ಮಧ್ಯಾಹ್ನದಲ್ಲಿ ಒಕ್ಕಲೆಬ್ಬಿಸಿದ್ದ.

"ಹಂಗಾದ್ರ ಬಾನಿ ಸತ್ತಂಗನಾ?"

"ತಿಪ್ಪಿಗೆ ಹೋಗಿ ಕೇಳು."

ಎದ್ದುಬಿದ್ದು ಓಡಿದ. ಮೇಲಿನ ಗಸಿ ಬಿಸಿಲಿಗೆ ಒಣಗಿ ಹಪ್ಪಳವಾಗಿತ್ತು. ಮೂಸಿದ, ಏನೂ ಇಲ್ಲ. ಬರಿಗೈಯಲ್ಲೇ ಬಗೆದ. ಮೊಣಕೈ ಆಳದಲ್ಲಿ ಬೆಚ್ಚಗಿನ, ಹಸಿಹಸಿಯಾದ ಮುದ್ದೆಯೊಂದು ಸಿಕ್ಕಿತು. ಮೂಗಿಗೆ ಹಿಡಿದ.

"ಅವ್ವಾ! ನಾರತೈತಿ! ಭಾಳ ನಾರತೈತಿ!"

ಆ ಮಾತನ್ನು ಅಷ್ಟು ಸಂತೋಷದಿಂದ ಯಾರೂ ಹೇಳಿರಲಿಕ್ಕಿಲ್ಲ.

ಮುದ್ದೆಯನ್ನು ಬಾನಿಗೆ ಬಿಟ್ಟು ಹುಲ್ಲು ಹೊದಿಸಿದರು. ಕಲ್ಲಿನಾಥ ಪಕ್ಕದಲ್ಲೇ ಠಿಕಾಣಿ ಹೂಡಿದ. ಊಟಕ್ಕೆ ಕರೆದರೂ ಏಳಲಿಲ್ಲ. ದಿನಗಳು ಹೋದವು, ಬಾನಿ ಸುಮ್ಮನಿತ್ತು.

ಒಂದು ಬೆಳಿಗ್ಗೆ ಗುಳುಗುಳು ಸದ್ದು! ಹುಲ್ಲು ಸರಿಸಿದರೆ ನೊರೆ! ನೀರು ಹಳದಿ ಹಸಿರು, ಮೇಲೆಲ್ಲ ತಾಮ್ರದ ಹೊಳಪು.

ಬಟ್ಟೆ ಅದ್ದಿ ಎತ್ತಿದ. ಹಸಿರಾಗಿ ಬಂತು. ಗಾಳಿ ತಾಗಿದ್ದೇ ತಡ, ನೋಡನೋಡುತ್ತ ಅಂಚಿನಿಂದ ನೀಲಿ ಹರಡಿತು. ಹೊಳೆಗೆ ಓಡಿ ಜಾಲಿಸಿದ. ಬಣ್ಣ ಬಿಡಲೇ ಇಲ್ಲ.

"ಬದುಕ್ಯಾರವ್ವಾ! ಬದುಕ್ಯಾರ!"

ಕಣ್ಣಲ್ಲಿ ನೀರು ಬಂದಿತ್ತು. ಬಾನಿಯ ಮುಂದೆ ಉದ್ದಕ್ಕೆ ಅಡ್ಡಬಿದ್ದ. "ತಪ್ಪಾತ್ರಿ, ಹೊಟ್ಟ್ಯಾಗ ಹಾಕ್ಕೋರಿ" ಎನ್ನುತ್ತ ಅಲ್ಲೇ ಬಿದ್ದುಕೊಂಡ.

ರೇವಕ್ಕ ಅವನ ಬೆನ್ನು ತಟ್ಟಿದಳು.

"ಏಳೋ. ಅವರಿಗೆ ಹಸಿವಾಗೇತಿ, ಬೆಲ್ಲ ತಾ."