ಕುರಿಗಾಹಿ ಕೊಂಡ ಫೋನು

“ಗುರುಗಳೇ, ಎರಡೂ ಒಳ್ಳೆಯವೇ ಆಗಿದ್ದಾಗ ಒಂದನ್ನು ಆರಿಸಿಕೊಳ್ಳುವುದು ಹೇಗೆ?” ಎಂದು ಶಿಷ್ಯ ಕೇಳಿದ.

“ಯಾವ ಎರಡು?” ಎಂದರು ಗುರುಗಳು.

ಶಿಷ್ಯ ಓದಿಗಾಗಿ ದೂರದ ಊರಿನ ಮಠಕ್ಕೆ ಹೊರಟಿದ್ದ. ಭಕ್ತರೊಬ್ಬರು ಅವನಿಗೊಂದು ಫೋನು ಕೊಡಿಸುವುದಾಗಿ ಹೇಳಿ, ಎರಡರಲ್ಲಿ ಯಾವುದು ಬೇಕೋ ನೀನೇ ತಿಳಿಸು ಎಂದಿದ್ದರು. ಅಂದಿನಿಂದ ಅವನ ಮನಸ್ಸು ಪಾಠದಲ್ಲಿ ನಿಂತಿರಲಿಲ್ಲ. ಒಂದರ ಕ್ಯಾಮೆರಾ ಹೇಗಿದೆ, ಇನ್ನೊಂದರ ಬ್ಯಾಟರಿ ಎಷ್ಟು ಬಾಳುತ್ತದೆ, ಒಂದರ ಪರದೆ ಎಷ್ಟು ಹೊಳೆಯುತ್ತದೆ, ಇನ್ನೊಂದು ಎಂಥ ಮೂಲೆಯಲ್ಲೂ ಹೇಗೆ ಸಿಗ್ನಲ್ ಹಿಡಿಯುತ್ತದೆ, ಎಲ್ಲವನ್ನೂ ಗುರುಗಳಿಗೆ ಬಿಡಿಸಿ ಹೇಳಿದ. ಒಂದನ್ನು ಹೊಗಳಿ ಮುಗಿಸುವಷ್ಟರಲ್ಲಿ ಇನ್ನೊಂದೇ ಮೇಲು ಎಂದು ಅವನಿಗೆ ಅನ್ನಿಸುತ್ತಿತ್ತು.

ಗುರುಗಳು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಮಳೆಗಾಲ ಮುಗಿಯುತ್ತಲೇ ಮಂದೆ ಹೊಡೆದುಕೊಂಡು ಹಟ್ಟಿ ಬಿಡುತ್ತಿದ್ದ. ಹುಲ್ಲು ನೀರು ಇದ್ದ ಕಡೆ ಹೊಲದಿಂದ ಹೊಲಕ್ಕೆ ಹೋಗುತ್ತ, ಮುಂಗಾರಿನ ಹೊತ್ತಿಗೆ ಹಿಂತಿರುಗುತ್ತಿದ್ದ. ಅವನ ಹೆಂಡತಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಬಾಯಿಯೂ ಬಂದಿರಲಿಲ್ಲ. ಅವಳು ಮಾತಾಡುವುದೆಲ್ಲ ಕೈಯಲ್ಲಿ.

ಮದುವೆಯಾದ ಹೊಸದರಲ್ಲಿ ಕುರಿಗಾಹಿಗೆ ಆ ಮಾತು ತಿಳಿಯುತ್ತಿರಲಿಲ್ಲ. ಮಂದೆಯ ಹಿಂದೆ ಅವಳ ಜೊತೆ ನಡೆಯುತ್ತ ನಡೆಯುತ್ತ ಕಲಿತ. ಬೆರಳುಗಳನ್ನು ಉದುರಿಸಿದರೆ ಮಳೆ. ಹೆಗಲು ಸವರಿದರೆ ಕಂಬಳಿ, ಕಂಬಳಿ ಹೊದ್ದ ಗಂಡನೂ ಅದೇ. ‘ಬಾ’ ಎನ್ನುವುದಕ್ಕೂ ‘ಬರಬೇಡ’ ಎನ್ನುವುದಕ್ಕೂ ಕಿರುಬೆರಳು ಮಡಚುವಷ್ಟೇ ವ್ಯತ್ಯಾಸ. ಹಟ್ಟಿಯ ಜನ ಅವರ ಮನೆಯನ್ನು ಸದ್ದಿಲ್ಲದ ಮನೆ ಎನ್ನುತ್ತಿದ್ದರು. ಆದರೆ ಆ ಗಂಡ ಹೆಂಡಿರಷ್ಟು ಮಾತಾಡುವವರು ಹಟ್ಟಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಹಲವು ವರ್ಷ ಅವರಿಗೆ ಮಕ್ಕಳಾಗಲಿಲ್ಲ. ಆಮೇಲೆ ಒಂದು ವರ್ಷ ಅವಳು ಬಸುರಾದಳು. ಬಸುರಿ ಹೆಂಗಸು ಮಂದೆಯ ಹಿಂದೆ ಅಲೆಯಬಾರದು, ಈ ಸಲ ಹಟ್ಟಿಯಲ್ಲೇ ಇರಲಿ ಎಂದು ಹಿರಿಯರು ಹೇಳಿದರು. ಅವಳ ಅಣ್ಣ ತಂಗಿಯನ್ನು ತಾನು ನೋಡಿಕೊಳ್ಳುವೆನೆಂದ. ಅವಳಿಗೊಂದು ಫೋನು ತಂದುಕೊಟ್ಟು, ಅದರಲ್ಲಿ ಮುಖ ನೋಡಿ ಮಾತಾಡುವುದನ್ನು ಕಲಿಸಿದ.

ಕುರಿಗಾಹಿಯ ಬಳಿ ಫೋನು ಇರಲಿಲ್ಲ. ಅಲ್ಲಿಯವರೆಗೆ ಅವನಿಗದು ಬೇಕಾಗಿರಲಿಲ್ಲ. ಯಾರೊಡನೆ ಮಾತಾಡಬೇಕೋ ಅವಳು ಪಕ್ಕದಲ್ಲೇ ಇದ್ದಳು.

ಅವನು ಪೇಟೆಯ ಅಂಗಡಿಗೆ ಹೋದ. ಅಂಗಡಿಯವನು ಎರಡು ಫೋನುಗಳನ್ನು ಮುಂದಿಟ್ಟ. ಒಂದು ತೆಳ್ಳಗೆ, ಅಗಲವಾಗಿತ್ತು. ಮುಸ್ಸಂಜೆಯ ಬೆಳಕಿನಲ್ಲೂ ಅದರಲ್ಲಿ ಬೆರಳಿನ ಗೆಣ್ಣು ಗೆಣ್ಣೂ ಕಾಣುತ್ತಿತ್ತು. ಆದರೆ ಬೆಳಿಗ್ಗೆ ತುಂಬಿದ ಚಾರ್ಜು ಸಂಜೆಗೆ ಖಾಲಿ. ಇನ್ನೊಂದು ಇಟ್ಟಿಗೆಯಂತೆ ದಪ್ಪ. ನೀರಿಗೆ ಬಿದ್ದರೂ ಕೆಡದು, ಚಾರ್ಜು ಬೇಗ ಮುಗಿಯದು, ಬೇರೆ ಫೋನುಗಳು ಸುಮ್ಮನಾದ ಕಡೆಯಲ್ಲೂ ಅದು ಸಿಗ್ನಲ್ ಹಿಡಿಯುತ್ತಿತ್ತು. ಆದರೆ ಅದರಲ್ಲಿ ಮುಖ ಹೊಗೆಯೊಳಗೆ ಕಂಡಂತೆ ಕಾಣುತ್ತಿತ್ತು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಂತೆ ತೋರುತ್ತಿದ್ದವು.

“ಯಾವುದು ಒಳ್ಳೆಯದು?” ಎಂದು ಕುರಿಗಾಹಿ ಕೇಳಿದ.

“ಇದರ ಕಣ್ಣು ಚೆನ್ನ, ಅದರ ಉಸಿರು ಚೆನ್ನ,” ಎಂದ ಅಂಗಡಿಯವನು. “ಎರಡೂ ಒಂದರಲ್ಲೇ ಬೇಕೆಂದರೆ, ಯಜಮಾನರೇ, ಅಂಥದ್ದು ನನ್ನ ಹತ್ತಿರ ಇಲ್ಲ.”

ಕುರಿಗಾಹಿ ಬರಿಗೈಯಲ್ಲಿ ಹಿಂತಿರುಗಿದ.

ಜೊತೆಯ ಕುರಿಗಾಹಿಗಳನ್ನು ಕೇಳಿದ. ಅಡವಿ ಅಲೆಯುವವನಿಗೆ ದಪ್ಪ ಫೋನೇ ಸರಿ ಎಂದರು ಅವರು. ಶಾಲೆಯ ಮೇಷ್ಟರನ್ನು ಕೇಳಿದ. ಕೈಯಲ್ಲಿ ಮಾತಾಡುವ ಹೆಂಡತಿ ಇರುವವನಿಗೆ ಕಣ್ಣು ಚೆನ್ನಾಗಿರುವುದೇ ಬೇಕು ಎಂದರು ಅವರು. ಇಬ್ಬರ ಮಾತೂ ಅವನಿಗೆ ಸರಿಯೆನಿಸಿತು. ಮತ್ತೆ ಪೇಟೆಗೆ ಹೋದ. ಮತ್ತೆ ಬರಿಗೈಯಲ್ಲಿ ಬಂದ. ಉಣ್ಣುವಾಗ ಅದೇ ಯೋಚನೆ, ಕುರಿ ಮೇಯಿಸುವಾಗ ಅದೇ ಯೋಚನೆ. ಹಟ್ಟಿಯ ಉಳಿದ ಮಂದೆಗಳು ಹೊರಟುಹೋದವು. ಅವರು ಕರೆದಾಗ ಅವನು, ನೀವು ನಡೆಯಿರಿ, ನಾನು ಹಿಂದೆಯೇ ಬರುತ್ತೇನೆ ಎಂದ.

ಎಲ್ಲರನ್ನೂ ಕೇಳಿದವನು ಹೆಂಡತಿಯನ್ನು ಮಾತ್ರ ಕೇಳಲಿಲ್ಲ. ಅವಳ ಮನಸ್ಸು ತನಗೆ ಗೊತ್ತು, ಅದನ್ನೇನು ಕೇಳುವುದು ಎಂದುಕೊಂಡಿದ್ದ. ಕೈಯಲ್ಲಿ ತಂದಿಟ್ಟು ಅವಳ ಮುಖ ಅರಳುವುದನ್ನು ನೋಡಬೇಕೆಂಬ ಆಸೆಯೂ ಇತ್ತು.

ಕೊನೆಗೆ ಒಂದು ದಿನ ಅವಳು ಅಂಗಳದಲ್ಲಿ ಕೂತು ಅಣ್ಣನಿಗೆ ಏನನ್ನೋ ಹೇಳುತ್ತಿದ್ದಳು. ಹತ್ತು ಬೆರಳೂ ಹಕ್ಕಿಗಳಂತೆ ಹಾರಾಡುತ್ತಿದ್ದವು. ಇದನ್ನು ಕಾಣದೆ ಹೇಗಿರಲಿ ಎಂದು ಕುರಿಗಾಹಿಯ ಎದೆ ತುಂಬಿ ಬಂತು. ನೆಟ್ಟಗೆ ಪೇಟೆಗೆ ಹೋಗಿ ಕಣ್ಣು ಚೆನ್ನಾದ ಫೋನನ್ನು ಕೊಂಡು ತಂದ. ಜೊತೆಗೊಂದು ಪವರ್ ಬ್ಯಾಂಕನ್ನೂ ತಂದ. ಮರುದಿನ ಒಬ್ಬನೇ ಮಂದೆ ಹೊಡೆದುಕೊಂಡು ಹೊರಟ.

ಮೊದಮೊದಲು ಎಲ್ಲವೂ ಅವನೆಣಿಸಿದಂತೆಯೇ ನಡೆಯಿತು. ದಾರಿ ಇನ್ನೂ ಊರುಗಳ ನಡುವೆಯೇ ಇತ್ತು. ಯಾರ ಹೊಲದಲ್ಲಿ ಕುರಿ ನಿಲ್ಲಿಸಿದ್ದನೋ ಅವರ ಪಂಪ್‌ಸೆಟ್ಟಿನ ಕೋಣೆಯಲ್ಲಿ ಫೋನನ್ನು ಚಾರ್ಜಿಗೆ ಹಾಕುತ್ತಿದ್ದ. ಸಂಜೆ ಅದನ್ನು ಕಲ್ಲಿಗೆ ಒರಗಿಸಿಟ್ಟು ಕೂರುತ್ತಿದ್ದ. ಅವಳು ಬಸುರಿನ ಸಂಕಟ ಹೇಳುತ್ತಿದ್ದಳು, ಅತ್ತಿಗೆಯ ಮೇಲೆ ದೂರು ಹೇಳುತ್ತಿದ್ದಳು, ಹೊಟ್ಟೆಯೊಳಗಿನ ಕೂಸು ಒದೆಯುವುದನ್ನು ಮುಷ್ಟಿ ಕಟ್ಟಿ ತೋರಿಸುತ್ತಿದ್ದಳು. ಅವನು ಕಣ್ತುಂಬ ನೋಡುತ್ತಿದ್ದ. ಇದನ್ನು ಕೊಂಡದ್ದು ಎಷ್ಟು ಒಳ್ಳೆಯದಾಯಿತು ಎಂದು ದಿನವೂ ಹಿಗ್ಗುತ್ತಿದ್ದ.

ಆದರೆ ಮುಂದೆ ಹೋದ ಮಂದೆಗಳು ದಾರಿಯ ಬದಿಯ ಹುಲ್ಲನ್ನೆಲ್ಲ ಮೇದುಬಿಟ್ಟಿದ್ದವು. ಕುರಿಗಳು ಬಡವಾದವು. ಮೇವು ಹುಡುಕುತ್ತ ಅವನು ದಾರಿ ಬಿಟ್ಟು ಗುಡ್ಡಗಳ ನಡುವಿನ ಕಣಿವೆಗೆ ಇಳಿದ. ಅಲ್ಲಿ ಹುಲ್ಲಿತ್ತು, ನೀರಿತ್ತು. ಊರಿರಲಿಲ್ಲ. ಆ ಫೋನಿಗೆ ಅಲ್ಲಿ ಸಿಗ್ನಲ್ ಸಿಗಲಿಲ್ಲ. ಸಿಗ್ನಲ್ ಹುಡುಕಿ ಹುಡುಕಿ ಚಾರ್ಜು ಬೇಗ ಮುಗಿಯಿತು. ಪವರ್ ಬ್ಯಾಂಕಿನದೂ ಮುಗಿಯುತ್ತ ಬಂತು. ಅದನ್ನು ತುಂಬಿಸಿಕೊಳ್ಳಲೂ ಕರೆಂಟು ಬೇಕಲ್ಲ. ಮಂದೆಯನ್ನು ತೋಳಕ್ಕೆ ಬಿಟ್ಟು ಊರಿಗೆ ಹೋಗಿ ಬರುವಂತಿರಲಿಲ್ಲ. ಜೊತೆಗೆ ಬೇರೆ ಕುರಿಗಾಹಿಗಳೂ ಇರಲಿಲ್ಲ.

ಕುರಿಗಾಹಿ ಬೇಸರಪಟ್ಟ. ಆದರೆ ಹೆದರಲಿಲ್ಲ. ಹುಲ್ಲು ಮುಗಿದ ಮೇಲೆ ಕಣಿವೆ ದಾಟುತ್ತೇನೆ, ಆಗ ಎಲ್ಲವನ್ನೂ ಅವಳಿಗೆ ತೋರಿಸುತ್ತೇನೆ ಎಂದುಕೊಂಡ. ಉಳಿದ ಚಾರ್ಜಿನಲ್ಲಿ ಆಗ ತಾನೇ ಹುಟ್ಟಿದ ಮರಿಗಳ ಫೋಟೊ ತೆಗೆದಿಟ್ಟ, ತೊರೆಯ ಫೋಟೊ ತೆಗೆದಿಟ್ಟ. ತಾನು ಬದುಕಿರುವುದು ತನಗೆ ಗೊತ್ತಿದ್ದರೆ ಸಾಲದು ಎಂಬುದು ಅವನಿಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಗುಡ್ಡದ ಇಳಿಜಾರಿನಲ್ಲಿ ಇಬ್ಬರು ಬರುತ್ತಿರುವುದು ಕಂಡಿತು. ಮುಂದೆ ಬರುತ್ತಿದ್ದವಳು ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು. ಕುರಿಗಾಹಿ ಕೋಲು ಬಿಸುಟು ಓಡಿದ.

ಅವಳು ಅವನ ಮುಖ ನೋಡಲಿಲ್ಲ. ಹಾಗೆಯೇ ನೆಲಕ್ಕೆ ಕುಸಿದು ಕೂತು, ಅವನ ಎರಡೂ ಕಾಲುಗಳನ್ನು ಹಿಡಿದು, ಹಿಮ್ಮಡಿ, ಮೀನಖಂಡ, ಬೆರಳ ಸಂದುಗಳನ್ನೆಲ್ಲ ತಡವಿ ನೋಡಿದಳು. ಕೈಗಳನ್ನೂ ತಿರುಗಿಸಿ ನೋಡಿದಳು. ಆಮೇಲೆ ಅವನ ಮೊಣಕಾಲಿಗೆ ಹಣೆಯೊತ್ತಿಕೊಂಡು ಅತ್ತಳು.

“ಫೋನು ಹಿಡಿದುಕೊಂಡೇ ಕೂತಿದ್ದಳು, ಭಾವ,” ಎಂದ ಅವಳ ಅಣ್ಣ. “ಅನ್ನ ಮುಟ್ಟಲಿಲ್ಲ. ಬರುವುದು ಬೇಡವೆಂದರೂ ಕೇಳಲಿಲ್ಲ. ಕೊನೆಯ ಸಲ ನೀನು ಮಾತಾಡಿದ್ದ ಊರಿನಲ್ಲಿ ಬಸ್ಸಿಳಿದ ಮೇಲೆ ಕುರಿ ಹಿಕ್ಕೆಯ ಜಾಡು ಹಿಡಿದು ಇಲ್ಲಿಗೆ ಕರೆತಂದವಳೂ ಇವಳೇ.”

ಅವಳನ್ನು ಸಮಾಧಾನಪಡಿಸಲು ಕುರಿಗಾಹಿ ಫೋನು ತೆಗೆದು ಮರಿಗಳ ಫೋಟೊ ತೋರಿಸಹೋದ. ಅವಳು ಅದನ್ನು ಬದಿಗೆ ಸರಿಸಿದಳು.

“ನಿನ್ನ ಬೆರಳುಗಳು ಕಾಣಲಿ ಎಂದೇ ಇದನ್ನು ಕೊಂಡೆ,” ಎಂದಿತು ಅವನ ಕೈ.

“ನನ್ನನ್ನು ಕೇಳಿದೆಯಾ?” ಎಂದಿತು ಅವಳ ಕೈ.

ಅವನು ಫೋನನ್ನು ಕೆಳಗಿಟ್ಟ.

“ಕಾಣಬೇಕೆಂಬ ಆಸೆ ನಿನ್ನದು,” ಎಂದಳು ಅವಳು. “ನೀನು ಇದ್ದೀಯೆಂದು ಗೊತ್ತಾದರೆ ನನಗೆ ಸಾಕಿತ್ತು. ದಿನಕ್ಕೊಂದು ಸಲ ಫೋನು ನನ್ನ ಅಂಗೈಯಲ್ಲಿ ನಡುಗಿದ್ದರೆ ಸಾಕಿತ್ತು. ಅಪ್ಪ ಅಡವಿಯಲ್ಲಿ ಹಾವು ಕಚ್ಚಿ ಸತ್ತು ಬಿದ್ದಿದ್ದ ದಿನ ಹಟ್ಟಿಯಲ್ಲಿ ನಾವು ಹೋಳಿಗೆ ಉಂಡೆವು. ಮತ್ತೊಮ್ಮೆ ಹಾಗೆ ಉಣ್ಣಲಾರೆ.”

ಆ ಸಂಗತಿ ಕುರಿಗಾಹಿಗೆ ಗೊತ್ತಿತ್ತು. ಮದುವೆಯಾದ ವರ್ಷವೇ ಅವಳು ಹೇಳಿದ್ದಳು. ಹೋಳಿಗೆ ಉಂಡ ಮೇಲೆ ಸುದ್ದಿ ಬಂತೆಂದು, ಅಂದಿನಿಂದ ಆ ಮನೆಯಲ್ಲಿ ಹೋಳಿಗೆ ಮಾಡಿಲ್ಲವೆಂದು ಹೇಳಿದ್ದಳು. ಎಲ್ಲ ಗೊತ್ತಿದ್ದೂ, ಅಂಗಡಿಯಲ್ಲಿ ಎರಡು ಫೋನುಗಳನ್ನು ಎರಡು ಕೈಯಲ್ಲಿ ಹಿಡಿದು ನಿಂತಾಗ ಅದು ನೆನಪಾಗಿರಲಿಲ್ಲ. ಆಗ ಅವನ ತಲೆಯ ತುಂಬ ಫೋನುಗಳೇ ಇದ್ದವು. ಅವನು ಅವಳ ಎದುರು ತಲೆ ತಗ್ಗಿಸಿ ಕೂತ.

ಅವಳ ಅಣ್ಣ ಮಂದೆಯ ಬಳಿ ಉಳಿದ. ಕುರಿಗಾಹಿ ಹೆಂಡತಿಯನ್ನು ಹಟ್ಟಿಗೆ ಮುಟ್ಟಿಸಿ, ಪೇಟೆಗೆ ಹೋಗಿ, ಆ ಫೋನನ್ನು ಹಿಂದಕ್ಕೆ ಕೊಟ್ಟು ದಪ್ಪ ಫೋನನ್ನು ಕೇಳಿದ.

“ಇದರಲ್ಲಿ ಏನಾದರೂ ದೋಷವಿದೆಯೇ?” ಎಂದ ಅಂಗಡಿಯವನು.

“ಇಲ್ಲ,” ಎಂದ ಕುರಿಗಾಹಿ. “ಇದು ಒಳ್ಳೆಯ ಫೋನು.”

ಅಂದಿನಿಂದ ಮಂದೆ ಎಲ್ಲಿದ್ದರೂ, ಕುರಿಗಳನ್ನು ದೊಡ್ಡಿಗೆ ಕೂಡಿದ ಮೇಲೆ ಅವನು ಫೋನು ಮಾಡುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ಫೋನು ಅವಳ ಅಂಗೈಯಲ್ಲಿ ನಡುಗುತ್ತಿತ್ತು. ಅದು ನಡುಗಿದ ಮೇಲೆ ಅವಳು ಎದ್ದು ಒಲೆ ಹೊತ್ತಿಸುತ್ತಿದ್ದಳು. ಮುದ್ದೆ ಬೇಯುವ ಹೊತ್ತಿಗೆ ತಾನೂ ಒಮ್ಮೆ ಮಾಡುತ್ತಿದ್ದಳು. ಗುಡ್ಡದ ಆಚೆ ಅವನ ಸೊಂಟದಲ್ಲಿ ಫೋನು ನಡುಗುತ್ತಿತ್ತು. ಅವನೂ ಬುತ್ತಿ ಬಿಚ್ಚುತ್ತಿದ್ದ.

ಮಗು ಹುಟ್ಟಿದಾಗ ಅವನು ದೂರದ ಸೀಮೆಯಲ್ಲಿದ್ದ. ಹಟ್ಟಿಯಿಂದ ಅವಳ ಅಣ್ಣ ಫೋನು ಮಾಡಿ ಹೆಣ್ಣು ಕೂಸು ಎಂದ. ಅಳು ಕೇಳಿಸಿದ. ಆಮೇಲೆ ಕೂಸಿನ ಮುಖ ತೋರಿಸಿದ. ಆ ಫೋನಿನಲ್ಲಿ ಮುಖ ಯಾವುದು, ಸುತ್ತಿದ ಬಟ್ಟೆ ಯಾವುದು ಎಂದು ಕುರಿಗಾಹಿಗೆ ತಿಳಿಯಲಿಲ್ಲ. ಹೆಂಡತಿ ಏನನ್ನೋ ಹೇಳುತ್ತಿದ್ದಳು. ಬೆರಳುಗಳು ಒಂದರೊಳಗೊಂದು ಕಲೆತುಹೋಗಿ ಅದೂ ತಿಳಿಯಲಿಲ್ಲ. ಇನ್ನೊಂದು ಫೋನು ಇದ್ದಿದ್ದರೆ ಎಂದು ಅವನ ಮನಸ್ಸು ಒಮ್ಮೆ ಹೊಯ್ದಾಡಿತು. ಅಂದು ಅವನು ಮಂದೆಯ ನಡುವೆ ಕೂತು ಅತ್ತ. ಅತ್ತದ್ದು ಸುಖಕ್ಕೋ ದುಃಖಕ್ಕೋ ಅವನಿಗೇ ತಿಳಿಯಲಿಲ್ಲ. ಮುಂಗಾರಿನ ಹೊತ್ತಿಗೆ ಹಟ್ಟಿಗೆ ಬಂದು ಮಗಳನ್ನು ಎತ್ತಿಕೊಂಡ. ಅಷ್ಟು ದಿನ ಅವಳನ್ನು ಕಾಣದಿದ್ದ ದುಃಖವನ್ನು ಮಾತ್ರ ಹೆಂಡತಿಯ ಮುಂದೆ ಎಂದೂ ಆಡಲಿಲ್ಲ.

ಕತೆ ಅಲ್ಲಿಗೆ ಮುಗಿಯಿತು.

ಶಿಷ್ಯನ ಮುಖ ಹಗುರಾಯಿತು. “ತಿಳಿಯಿತು ಗುರುಗಳೇ,” ಎಂದ. “ಕ್ಯಾಮೆರಾಕ್ಕಿಂತ ಬ್ಯಾಟರಿಯೇ ಮುಖ್ಯ. ನಾನು ಎರಡನೆಯದನ್ನೇ ಕೇಳುತ್ತೇನೆ.”

ಗುರುಗಳು ಅವನನ್ನೇ ನೋಡಿದರು.

“ಎರಡು ಫೋನುಗಳ ಗುಣವನ್ನೂ ಅಷ್ಟು ಬಿಡಿಸಿ ಹೇಳಿದೆಯಲ್ಲ ಮಗು, ನಿನ್ನ ಕರೆಗಾಗಿ ಕಾದು ಕೂರುವವರು ಯಾರೆಂದು ಮಾತ್ರ ಹೇಳಲೇ ಇಲ್ಲ.”