ಸ್ವಚ್ಛವಾದ ಗ್ರೂಪು

ಶಿಷ್ಯ ಕೇಳಿದ: “ಗುರುಗಳೇ, ಮಠದ ವಾಟ್ಸ್ಯಾಪ್ ಗ್ರೂಪನ್ನು ನೋಡಿಕೊಳ್ಳುವ ಕೆಲಸ ನನ್ನದು. ಸುಳ್ಳು ಬಂದರೆ ಅಳಿಸುತ್ತೇನೆ. ಜಗಳ ಹಚ್ಚುವ ಮಾತು ಬಂದರೆ ಅಳಿಸುತ್ತೇನೆ. ಈಗೀಗ ಅಳಿಸುವಂಥದ್ದು ಏನೂ ಬರುತ್ತಲೇ ಇಲ್ಲ. ಆದರೂ ನಾನು ಜನರ ಬಾಯಿ ಕಟ್ಟುತ್ತಿದ್ದೇನೆ ಎಂದು ಕೆಲವರು ದೂರುತ್ತಾರೆ. ಕೆಟ್ಟದ್ದನ್ನು ತಡೆದರೆ ಯಾರಿಗೆ ನಷ್ಟ?”

ಗುರು ಹೇಳಿದರು: “ಕೇಳಪ್ಪ.”

ಒಂದು ಊರಿನಲ್ಲಿ ಒಬ್ಬ ಮೇಷ್ಟರಿದ್ದರು. ಪ್ರಾಮಾಣಿಕರು. ಊರಿನವರು ಸೇರಿ ಫೋನಿನಲ್ಲಿ ಒಂದು ಗ್ರೂಪು ಮಾಡಿಕೊಂಡಾಗ ಅದರ ಉಸ್ತುವಾರಿಯನ್ನು ಅವರಿಗೇ ಒಪ್ಪಿಸಿದರು.

ಒಮ್ಮೆ ಆ ಗ್ರೂಪಿನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಹಬ್ಬಿತು. ಬಳೆ ಮಾರಲು ಬಂದಿದ್ದ ಮುದುಕನನ್ನು ಜನ ಕಂಬಕ್ಕೆ ಕಟ್ಟಿ ಹೊಡೆದರು. ಮೇಷ್ಟರು ಅಡ್ಡ ನಿಂತು ಅವನ ಜೀವ ಉಳಿಸಿದರು. “ಇನ್ನು ಮುಂದೆ ಭಯ ಹುಟ್ಟಿಸುವ ಮಾತು ಇಲ್ಲಿ ನಿಲ್ಲುವುದಿಲ್ಲ” ಎಂದರು. ಸರಿಯಾದ ಮಾತೇ. ಯಾರೂ ಎದುರಾಡಲಿಲ್ಲ.

ಮೊದಮೊದಲು ಅವರು ಸುಳ್ಳನ್ನು ಅಳಿಸಿದರು. ಬರಬರುತ್ತ, ನಿಜವಾದರೂ ಕಿವಿಗೆ ಹಿತವಲ್ಲದ್ದನ್ನು ಅಳಿಸತೊಡಗಿದರು.

ಆ ಊರಿಗೊಬ್ಬ ನೀರುಗಂಟಿ ಇದ್ದ. ಟ್ಯಾಂಕು ತುಂಬಿಸಿ ನಲ್ಲಿಗಳಿಗೆ ನೀರು ಬಿಡುವುದು ಅವನ ಕೆಲಸ. ಒಂದು ದಿನ ಅವನು ಗ್ರೂಪಿಗೆ ಚರಂಡಿಯ ಫೋಟೋ ಹಾಕಿದ. ಮೇಷ್ಟರು ಅಳಿಸಿದರು. ಅವನು ಮನೆಗೇ ಬಂದ.

“ಮೇಷ್ಟ್ರೇ, ಚರಂಡಿ ಕಟ್ಟಿಕೊಂಡಿರೋದು ಸುಳ್ಳಾ?”

“ಸುಳ್ಳಲ್ಲ ಕಣಯ್ಯ. ಆದರೆ ಪರವೂರಿನ ನೆಂಟರೆಲ್ಲ ಗ್ರೂಪಿನಲ್ಲಿದ್ದಾರೆ. ಊರಿನ ಮರ್ಯಾದೆ ನೋಡಬೇಕಲ್ಲ.”

“ಹಂಗಾದ್ರೆ ಮರ್ಯಾದೆ ಅಂದ್ರೇನು ಅಂತ ಆ ಚರಂಡಿಗೂ ಒಂದು ಪಾಠ ಮಾಡಿ, ಮೇಷ್ಟ್ರೇ. ಅದು ನಾರೋದು ಬಿಟ್ಟಿಲ್ಲ.”

ಸಂಜೆಯೊಳಗೆ ಅವನನ್ನು ಗ್ರೂಪಿನಿಂದ ತೆಗೆದರು.

ನೀರುಗಂಟಿ ಜಗಳವಾಡಲಿಲ್ಲ. ಇನ್ನೊಂದು ಗ್ರೂಪು ಮಾಡಿದ. ಊರಿನವರು ಒಬ್ಬೊಬ್ಬರಾಗಿ ಅದಕ್ಕೆ ಸೇರಿದರು. ಅಲ್ಲಿದ್ದದ್ದು ಒಂದೇ ಕಟ್ಟಳೆ: ಮೇಷ್ಟರ ಮನೆಗೆ ತಿಳಿಯಬಾರದು. ನೀರು ಯಾವಾಗ ಬರುತ್ತದೆ, ಕರೆಂಟು ಯಾಕೆ ಹೋಯಿತು, ಯಾರಿಗೆ ಹುಷಾರಿಲ್ಲ, ಎಲ್ಲ ಮಾತೂ ಅಲ್ಲಿಗೆ ಹೋಯಿತು. ಮೇಷ್ಟರ ಗ್ರೂಪಿನಲ್ಲಿ ಹೂವಿನ ಚಿತ್ರಗಳೂ ಹುಟ್ಟುಹಬ್ಬದ ಹಾರೈಕೆಗಳೂ ಉಳಿದವು. ಅದನ್ನು ಮೇಷ್ಟರು ಹೆಂಡತಿಗೆ ತೋರಿಸಿದರು. “ನೋಡು, ಜನ ತಿದ್ದಿಕೊಂಡರು.”

ಆಕೆ ಹಿಟ್ಟಿನ ಗಿರಣಿಗೆ ಹೋದರೆ ಅಲ್ಲಿದ್ದ ಹೆಂಗಸರು ಫೋನು ಮುಚ್ಚಿಡುತ್ತಿದ್ದರು.

“ಏನ್ರೇ ಅದು, ಅಷ್ಟು ನಗ್ತಾ ಇದೀರಿ? ನನಗೂ ತೋರಿಸ್ರೇ.”

“ಏನಿಲ್ಲ ಅಕ್ಕಾ, ಸೀರೆ ಫೋಟೋ.”

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ಒಬ್ಬ ರೈತ ಬೆಳೆಗೆ ಹೊಡೆಯುವ ಔಷಧಿ ಕಲಸಲು ಟ್ಯಾಂಕಿಗೆ ನೀರೆತ್ತುವ ತೊಟ್ಟಿಯ ಬಳಿ ಬಂದ. ಕ್ಯಾನು ಕೈಜಾರಿ ತೊಟ್ಟಿಯೊಳಗೆ ಬಿತ್ತು. ನೀರುಗಂಟಿಗೆ ತಿಳಿಯುವ ಹೊತ್ತಿಗೆ ಆ ನೀರು ಟ್ಯಾಂಕಿಗೇರಿ ನಲ್ಲಿಗಳಿಗೆ ಹರಿದಾಗಿತ್ತು. ಅವನು ವಾಲ್ವು ತಿರುಗಿಸಿ ನೀರು ನಿಲ್ಲಿಸಿದ. ಫೋನು ತೆಗೆದು ತನ್ನ ಗ್ರೂಪಿನಲ್ಲಿ ಬರೆದ: “ನೀರಿಗೆ ವಿಷ ಬಿದ್ದಿದೆ. ಯಾರೂ ಕುಡಿಯಬೇಡಿ. ಹಿಡಿದದ್ದನ್ನು ಚೆಲ್ಲಿ.”

ಮನೆಮನೆಯಲ್ಲೂ ಕೊಡ ಬರಿದಾಯಿತು. ಬೀದಿಯಲ್ಲಿ ನೀರು ಹರಿಯಿತು. ಪಕ್ಕದ ಮನೆಯಾಕೆ ಮೇಷ್ಟರ ಬಾಗಿಲತ್ತ ಹೊರಟಳು. ನಿನಗೆ ಎಲ್ಲಿಂದ ತಿಳಿಯಿತು ಎಂದು ಕೇಳಿದರೆ ಏನು ಹೇಳುವುದು? ಬೇರೆ ಯಾರಾದರೂ ಹೇಳಿರುತ್ತಾರೆ ಎಂದುಕೊಂಡು ಹಿಂತಿರುಗಿದಳು. ಎಲ್ಲರೂ ಹಾಗೆಯೇ ಅಂದುಕೊಂಡರು.

ಮೇಷ್ಟರ ಹೆಂಡತಿ ಹೊಸ್ತಿಲಲ್ಲಿ ನಿಂತು ನೋಡಿದಳು. ಓಣಿಯವರೆಲ್ಲ ಕೊಡ ಬರಿದು ಮಾಡಿ ಉಜ್ಜುತ್ತಿದ್ದಾರೆ. ನಾಳೆ ಹಬ್ಬ. ಹಬ್ಬದ ದಿನಕ್ಕೆ ಹಳೆಯ ನೀರು ಇಟ್ಟುಕೊಳ್ಳುವುದು ಆ ಊರಿನ ಪದ್ಧತಿಯಲ್ಲ. ತಾನೊಬ್ಬಳೇ ಹಿಂದೆ ಉಳಿದೆನಲ್ಲ ಎಂದು ನಾಚಿಕೊಂಡಳು. ಮನೆಯಲ್ಲಿದ್ದ ನಿನ್ನೆಯ ಒಳ್ಳೆಯ ನೀರನ್ನು ಚೆಲ್ಲಿದಳು. ಕೊಡ ಬೆಳಗಿದಳು. ಪೈಪಿನಲ್ಲಿ ಉಳಿದು ನಲ್ಲಿಯಲ್ಲಿ ಸಣ್ಣಗೆ ಬರುತ್ತಿದ್ದ ನೀರನ್ನು ಹಿಡಿದಳು. ಏನೋ ವಾಸನೆ ಬಂತು. ಹಬ್ಬಕ್ಕೆಂದು ಬ್ಲೀಚಿಂಗ್ ಪುಡಿ ಹಾಕಿರಬೇಕು ಎಂದುಕೊಂಡಳು.

ಆಡಿ ದಣಿದ ಮಗಳು ಒಳಗೆ ಬಂದು ಲೋಟ ಚಾಚಿದಳು.

ನೀರುಗಂಟಿಗೆ ಆ ಮನೆ ನೆನಪಾದದ್ದು ಆಗ. ಓಡಿ ಬಂದ. “ಅಕ್ಕಾ, ನೀರು!” ಎಂದು ಬಾಗಿಲಲ್ಲೇ ಕೂಗಿದ. ಮಗು ಖಾಲಿ ಲೋಟವನ್ನು ಕೆಳಗಿಡುತ್ತಿತ್ತು.

ಅವನು ಹೇಳಿದ್ದನ್ನು ಕೇಳಿ ಮೇಷ್ಟರು ಫೋನು ಕೈಗೆತ್ತಿಕೊಂಡರು. ಮೇಲಕ್ಕೂ ಕೆಳಕ್ಕೂ ಸರಿಸಿ ಸರಿಸಿ ನೋಡಿದರು. “ಗ್ರೂಪಿನಲ್ಲಿ ಏನೂ ಬಂದಿಲ್ಲವಲ್ಲೋ! ಏನೂ ಬಂದಿಲ್ಲವಲ್ಲೋ!”

ಆಸ್ಪತ್ರೆಯ ದಾರಿಯಲ್ಲೇ ಮಗು ತೀರಿಕೊಂಡಿತು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಥಟ್ಟನೆ ಹೇಳಿದ:

“ಇಡೀ ಊರಿಗೆ ಗೊತ್ತಿತ್ತು, ಗುರುಗಳೇ! ಒಬ್ಬರಾದರೂ ಬಾಯಿ ಬಿಡಬಾರದೇ? ಎಂಥ ಜನ! ನಮ್ಮ ಮಠದಲ್ಲಾಗಿದ್ದರೆ ನನಗೆ ಯಾರಾದರೂ ಹೇಳಿಯೇ ಹೇಳುತ್ತಿದ್ದರು.”

ಗುರು ಕೇಳಿದರು:

“ಮಠದವರ ಇನ್ನೊಂದು ಗ್ರೂಪಿಗೆ ನಿನ್ನನ್ನು ಸೇರಿಸಿಕೊಂಡಿದ್ದಾರೆಯೇ?”